ಒರೆಸಬೇಡ, ಮೊದಲು ನೋಡು

ಆಯಿಲ್ ಫಿಲ್ಟರ್ ಮಾರುವುದು ಹೆಂಗಸರ ಕೆಲಸವಲ್ಲ ಅಂತ ಮೊದಲು ಹೇಳಿದವಳು ನಾನೇ. ಹೊಸಪೇಟೆಯಲ್ಲಿ ನಮ್ಮ ಯಜಮಾನರದು ಕಾರು, ಜೀಪುಗಳ ಬಿಡಿಭಾಗದ ಅಂಗಡಿ. ನಾನು ಮನೆ, ಮಡಿ, ನೈವೇದ್ಯ ಅಂತ ಇದ್ದವಳು. ಗಣಿ ಜೋರಾದ ಕಾಲಕ್ಕೆ ಅಂಗಡಿಯಲ್ಲಿದ್ದ ಆಳು, ಟಿಪ್ಪರ್ ಓಡಿಸಿದರೆ ಹೆಚ್ಚು ಸಿಗುತ್ತದೆ ಅಂತ ಸಂಡೂರಿನ ಕಡೆ ಹೋದ. ಇನ್ನೊಬ್ಬ ಸಿಗಲಿಲ್ಲ. ಆಗ ಊರಲ್ಲಿ ರಟ್ಟೆ ಗಟ್ಟಿ ಇದ್ದವರೆಲ್ಲ ಗಣಿಯ ಕಡೆಗೇ ಮುಖ ಮಾಡಿದ್ದರು. "ಯಾರರೆ ಸಿಗೋತನಕ ನಾಕು ದಿನ ಬಂದು ಕೂಡು ವನಜಾ" ಅಂದರು. ಆ ನಾಕು ದಿನ ಮುಗಿದದ್ದು ಹೋದ ವರ್ಷ, ನನ್ನ ಮೊಣಕಾಲು ಇನ್ನು ಆಗದು ಅಂದ ಮೇಲೆ.

ಈಗ ಆ ಕುರ್ಚಿಯಲ್ಲಿ ನನ್ನ ತಂಗಿಯ ಸೊಸೆ ಶೈಲಾ ಕೂಡುತ್ತಾಳೆ. ಕಂಪ್ಯೂಟರಿನಲ್ಲಿ ಗಾಡಿಯ ಹೆಸರು ಹೊಡೆದರೆ ಫಿಲ್ಟರಿನ ನಂಬರು ತಾನೇ ಬರುತ್ತದೆ. "ದೊಡ್ಡಮ್ಮಾ, ನೀವು ಹೆಂಗ ಹುಡುಕ್ತಿದ್ರಿ?" ಅಂತ ಕೇಳಿದಳು. ಬಾಯಲ್ಲಿ ಹೇಳಲು ಹೋದೆ, ಅರ್ಧಕ್ಕೇ ಎದ್ದು ಮನೆಗೆ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಇವರ ಮನೆತನ ಹಂಪಿ ಕಡೆಯ ಪೂಜೆಯ ಮನೆತನ. ಇವರೊಬ್ಬರು ಎಣ್ಣೆಯೊಳಗೆ ಬಿದ್ದರು ಅಂತ ನೆಂಟರು ಆಡಿಕೊಳ್ಳುತ್ತಿದ್ದರು. ಗ್ಯಾರೇಜಿನವರು ಮಾತ್ರ ಬಾಯ್ತುಂಬ 'ಆಚಾರ್ರೆ' ಅಂತ ಕರೆಯುತ್ತಿದ್ದರು. ಎದುರಿನ ಗ್ಯಾರೇಜು ಹುಲಿಗೆಪ್ಪನದು. ಕರ್ರಗೆ, ಎತ್ತರಕ್ಕೆ, ಹೆಗಲ ಮೇಲೊಂದು ಟವೆಲ್ಲು, ಬಾಯಿಗೆ ಬೀಗ ಇಲ್ಲ. ನಾನು ಕೂತ ಮೊದಲ ದಿನವೇ ಬಂದು, "ಅಕ್ಕಾರ, ಮಡಿ ಸೀರಿಗೆ ಗ್ರೀಸ್ ಹತ್ತಿದ್ರ ಸ್ವಾಮಿ ಸಿಟ್ಟಾಗಂಗಿಲ್ಲೇನ್ರಿ?" ಅಂದ.

ಇವರು ತಲೆ ಎತ್ತದೆಯೇ, "ಹಂಪ್ಯಾಗ ನಮ್ಮ ಹನುಮಪ್ಪ ಯಂತ್ರದೊಳಗೇ ಕೂತಾನಲೇ. ಅವಗ ಗ್ರೀಸ್ ಏನು ಹೊಸದಲ್ಲ" ಅಂದರು.

ಹಂಪಿಯ ಆ ಹನುಮಪ್ಪ ಯಂತ್ರದ ರೇಖೆಗಳ ನಡುವೆ ಕೂತ ಮೂರ್ತಿ; ನಾನು ನಕ್ಕೆ. ಸಂಜೆ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೇ ಅಡುಗೆಮನೆ ಹೊಕ್ಕೆ. ಅದು ಬೇರೆ ಮಾತು.

ಮೊದಲ ಪಾಠ ಹೀಗಿತ್ತು: ಹಳೆಯದು ತಾರದವರಿಗೆ ಹೊಸದು ಕೊಡಬಾರದು. ಆಯಿಲ್ ಫಿಲ್ಟರ್ ಅಂದರೆ ಎಂಜಿನ್ನಿನ ಎಣ್ಣೆ ಸೋಸುವ ತಗಡಿನ ಡಬ್ಬಿ. ಹೊರಗಿನಿಂದ ನೋಡಿದರೆ ಹತ್ತು ಗಾಡಿಗಳದೂ ಒಂದೇ ಥರ. ಒಳಗೆ ಒಂದರಲ್ಲಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬಾಯಿಯ ಥ್ರೆಡ್ಡಿನಲ್ಲೂ, ಅಂದರೆ ತಿರುಪಿನ ಗೆರೆಗಳಲ್ಲೂ, ಮೋಸ. ಒಂದು ಮಿಲಿಮೀಟರಿನ ಲೆಕ್ಕದ್ದು, ಒಂದು ಇಂಚಿನ ಲೆಕ್ಕದ್ದು, ಕಣ್ಣಿಗೆ ಎರಡೂ ಅವಳಿ ಜವಳಿ. ತುಸು ದೊಡ್ಡ ಬಾಯಿಯದನ್ನು ಸಣ್ಣದಕ್ಕೆ ತಿರುಗಿಸಿದರೆ ಹತ್ತಿದ ಹಾಗೇ ಹತ್ತುತ್ತದೆ, ಬಿಗಿಯಾದ ಹಾಗೇ ಬಿಗಿಯಾಗುತ್ತದೆ. ರಸ್ತೆಗಿಳಿದು ಎಂಜಿನ್ ಕಾದು ಎಣ್ಣೆಯ ಒತ್ತಡ ಏರಿದಾಗ ಕಿತ್ತು ಬೀಳುತ್ತದೆ. ಅದಕ್ಕೆ ಇವರು ಲೇಥಿನವನ ಹತ್ತಿರ ಒಂದು ಕಬ್ಬಿಣದ ಪಟ್ಟಿಯ ಮೇಲೆ ಎರಡೂ ನಮೂನೆಯ ಥ್ರೆಡ್ಡಿನ ಮೊಳೆ ನಿಲ್ಲಿಸಿಕೊಂಡು ಬಂದಿದ್ದರು. ಹಳೆಯ ಫಿಲ್ಟರು ಯಾವ ಮೊಳೆಗೆ ಅಲುಗಾಡದೆ ಕೂಡುತ್ತದೋ ಹೊಸದೂ ಅದಕ್ಕೇ ಕೂಡಬೇಕು. ಗಿರಾಕಿ ಎದುರಿಗೇ ತಿರುಗಿಸಿ ತೋರಿಸಿ ಕೊಡಬೇಕು. ಆ ಪಟ್ಟಿ ಈಗಲೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಶೈಲಾ ಅದರ ಮೇಲೆ ಮೊಬೈಲು ಆನಿಸಿ ಇಡುತ್ತಾಳೆ.

ಆಗ ಬರುತ್ತಿದ್ದ ಹಳೆಯ ಫಿಲ್ಟರುಗಳನ್ನು ನೀವು ನೋಡಬೇಕಿತ್ತು. ಕುಂಕುಮದ ಭರಣಿಯೊಳಗೆ ಅದ್ದಿ ತೆಗೆದ ಹಾಗೆ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿ ಓಡಿ ಊರೇ ಕೆಂಪಾಗಿತ್ತು. ಅಂಗಡಿಯ ಬೋರ್ಡು, ರಸ್ತೆಯ ಬೇವಿನ ಮರ, ದನದ ಬೆನ್ನು, ಮುಚ್ಚಿಟ್ಟ ಮೊಸರಿನ ಮೇಲಿನ ಕೆನೆ ಎಲ್ಲಾ. ಬೆಳಿಗ್ಗೆ ದೇವರ ಮನೆ ಒರೆಸಿದರೆ ಸಂಜೆಗೆ ಸಾಲಿಗ್ರಾಮದ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಫಿಲ್ಟರಿನ ನಂಬರು ಓದಬೇಕಾದರೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಉಜ್ಜಬೇಕು. ಅದು ನನ್ನ ಕೆಲಸ. ಹಿತ್ತಾಳೆ ಪಾತ್ರೆ ಉಜ್ಜಿದ ಕೈಗೆ ಅದೇನು ಕಷ್ಟವಲ್ಲ.

ಎಮ್ಮಿಗನೂರಿನ ಒಬ್ಬ ಗೌಡರು ಹಳೆಯದು ತಾರದೆ ಬಂದಿದ್ದರು. ಕಬ್ಬಿನ ಜೊತೆಗೆ ಅದಿರಿಗೆ ಲಾರಿ ಬಿಟ್ಟು, ಹೊಸ ಕಾರು ಕೊಂಡಿದ್ದರು.

"ಹಳೇದು ಎಲ್ಲೈತ್ರಿ ಗೌಡ್ರ?" ಅಂತ ಕೇಳಿದೆ.

"ಹೊಸಾ ಗಾಡಿರೀ ಯವ್ವಾ. ಹಳೇದು ಎಲ್ಲಿಂದ ಬರ್ಬೇಕು?"

"ಗಾಡಿ ಹೊಸದಾದ್ರೂ ಅದರಾಗಿಂದು ಒಂದು ಬಿಚ್ಚಿರ್ತೀರಲ್ರಿ."

"ಅದನ್ನ ನಮ್ಮ ಡ್ರೈವರ ತಿಪ್ಪಿಗೆ ಒಗದಾನ. ನೀವು ಕೊಡ್ರಿ, ನಮ್ಮನಿ ಮುಂದ ನಾವೇ ಹಾಕ್ಕೊಂತೀವಿ."

ಇವರು ಗಾಡಿಯ ಹೆಸರು, ಮಾಡೆಲ್ಲು ಕೇಳಿ, ಕಂಪನಿಯ ಪುಸ್ತಕದಲ್ಲಿ ನಂಬರು ಹುಡುಕಿ, ಸರಿಯಾದದ್ದನ್ನೇ ಕೊಟ್ಟರು. ಆದರೆ ಹಳೆಯ ಡಬ್ಬಿ ನೋಡದಿದ್ದುದಕ್ಕೆ ಒಂದು ಸಂಗತಿ ತಪ್ಪಿಹೋಯಿತು. ಅದರ ಬಾಯಿಯ ರಬ್ಬರು ಬಳೆ ಡಬ್ಬಿಯ ಜೊತೆ ಬಂದಿರಲಿಲ್ಲ, ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆ ಹೊಸದನ್ನು ಬಿಗಿದರು. ಕುಕ್ಕರಿಗೆ ಎರಡು ಗ್ಯಾಸ್ಕೆಟ್ ಹಾಕಿದರೆ ಏನಾಗುತ್ತದೋ ಅದೇ ಆಯಿತು. ಗಾಡಿ ಚಾಲೂ ಮಾಡಿದ್ದೇ ತಡ, ಇದ್ದಬದ್ದ ಎಣ್ಣೆಯೆಲ್ಲ ಮನೆ ಮುಂದಿನ ರಂಗೋಲಿಯ ಮೇಲೆ. ಶುಕ್ರವಾರ ಬೇರೆ. ಗೌಡರು ಮಾರನೆಯ ದಿನ ಬಂದು, "ಗಾಡಿಗೇನೂ ಆಗಿಲ್ರೀ ಆಚಾರ್ರೆ. ನನ್ನ ಹೇಣ್ತಿ ಬಾಯಿ ಬಂದ್ ಮಾಡೋ ಫಿಲ್ಟರ್ ಏನರ ಇದ್ರ ಕೊಡ್ರಿ" ಅಂದರು. ಹುಲಿಗೆಪ್ಪ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕ. ಗಾಡಿ ಬೇಗ ನಿಲ್ಲಿಸಿದರು, ಎಂಜಿನ್ ಉಳಿಯಿತು. ದೇವರು ದೊಡ್ಡವನು.

ಇನ್ನು ಡ್ರೇನ್ ಪ್ಲಗ್ಗು. ಎಂಜಿನ್ನಿನ ತಳದಲ್ಲಿ, ಹಳೆಯ ಎಣ್ಣೆ ಇಳಿಸುವ ತೂತಿಗೆ ಹಾಕುವ ಬೋಲ್ಟು ಅದು. ಅದರ ಕೆಳಗೊಂದು ತಾಮ್ರದ ವಾಷರು. ಒಮ್ಮೆ ಒತ್ತಿ ಕೂತ ವಾಷರು ಮತ್ತೆ ಅಷ್ಟು ಚೆನ್ನಾಗಿ ಕೂಡುವುದಿಲ್ಲ, ಪ್ರತಿ ಸಲ ಹೊಸದು ಹಾಕಬೇಕು. ಹಳೆಯದನ್ನೇ ಹಾಕಿ, ತೊಟ್ಟಿಕ್ಕುತ್ತದೆ ಅಂತ ಪಾನಾ ಹಾಕಿ ಜಗ್ಗಿ ಜಗ್ಗಿ ಬಿಗಿದರೆ ತೂತಿನ ಥ್ರೆಡ್ಡೇ ಹೋಗುತ್ತದೆ. ಹುಲಿಗೆಪ್ಪನ ಕೈ ಭಾರ. "ಲೇ, ಅದು ಬೋಲ್ಟು. ನಿನ್ನ ವೈರಿ ಕುತ್ತಿಗಿ ಅಲ್ಲ" ಅಂತ ಇವರು ಬೈಯುತ್ತಿದ್ದರು.

ಕೆಲವು ದೊಡ್ಡ ಗಾಡಿಗಳ ಪ್ಲಗ್ಗಿನ ತುದಿಗೆ ಅಯಸ್ಕಾಂತ ಇರುತ್ತದೆ. ಒಳಗೆ ಸವೆದ ಕಬ್ಬಿಣ ಅದಕ್ಕೆ ಹತ್ತಿಕೊಳ್ಳುತ್ತದೆ. ಅದನ್ನು ನೋಡಿ ಎಂಜಿನ್ನಿನ ಆರೋಗ್ಯ ಹೇಳಬಹುದು. ಬೂದಿಯ ಹಾಗೆ ನುಣ್ಣಗಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗಾಡಿ ನಿಲ್ಲಿಸಬೇಕು. ಇದು ಬೇರೆ ಊರಿನ ಮೆಕ್ಯಾನಿಕ್ಕಿಗೆ ಸುಲಭವಾಗಿ ತಿಳಿಯುತ್ತದೆ. ನಮ್ಮೂರಿನವರು ಮಾತ್ರ ಇಲ್ಲಿ ಎಡವುತ್ತಿದ್ದರು. ಯಾಕೆಂದರೆ ನಮ್ಮಲ್ಲಿ ಯಾವುದಕ್ಕೆ ಏನೇ ಹತ್ತಿದ್ದರೂ ಅದು ಗಣಿಯ ಮಣ್ಣೇ. ಸಾರು ಕರಕರ ಅಂದರೆ ಮಣ್ಣು, ಕಣ್ಣು ಉರಿದರೆ ಮಣ್ಣು, ಗಡಿಯಾರ ನಿಂತರೆ ಮಣ್ಣು. ಮಣ್ಣು ಅಂದುಬಿಟ್ಟರೆ ಮಾತು ಮುಗಿಯಿತು.

ಒಂದು ದಿನ ಸಂಡೂರಿನ ದೊಡ್ಡ ಗಾಡಿಯೊಂದು ಹುಲಿಗೆಪ್ಪನ ಗ್ಯಾರೇಜಿಗೆ ಬಂತು. ಎಣ್ಣೆ ಇಳಿಸಿ, ಹೊಸ ವಾಷರಿಗೆ ಅಂತ ಪ್ಲಗ್ಗು ಹಿಡಿದುಕೊಂಡು ಅಂಗಡಿಗೆ ಬಂದ. ಬರುತ್ತಾ ಬರುತ್ತಾ ಹೆಗಲ ಟವೆಲ್ಲಿನಲ್ಲಿ ತುದಿ ಒರೆಸುತ್ತಿದ್ದ.

"ಏನ್ ಹತ್ತಿತ್ತೋ ಅದಕ?" ಇವರು ಕೇಳಿದರು.

"ಸೊಂಡೂರು ಮಣ್ಣು ಬಿಡ್ರಿ ಆಚಾರ್ರೆ."

"ಟವೆಲ್ ತಾ ಇಲ್ಲಿ."

ಟವೆಲ್ಲಿನ ಆ ಜಾಗವನ್ನು ಹೆಬ್ಬೆರಳಿಂದ ತಿಕ್ಕಿ ನೋಡಿದರು. ನನಗೂ ತೋರಿಸಿದರು. ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಮಿಣುಕುತ್ತಿತ್ತು.

"ಮಣ್ಣು ಹೊಳೀತದೇನೋ? ಒಳಗ ಉಕ್ಕು ಕಿತ್ತು ಬರ್ಲಿಕ್ಕೆ ಹತ್ಯದ. ಎಂಜಿನ್ ಬಿಚ್ಚಬೇಕು ಅಂತ ಡ್ರೈವರಗ ಹೇಳು."

ಗಾಡಿಯ ಡ್ರೈವರು ಒಪ್ಪಲಿಲ್ಲ. ಮಾಲೀಕರಿಗೆ ನಾಳೆಯೇ ದೂರ ಹೋಗಬೇಕಂತೆ. "ಈ ಕಡೆ ಮಣ್ಣು ಹತ್ತಂಗಿಲ್ದ ಗಾಡಿ ಯಾವ್ದೈತ್ರಿ? ಎಣ್ಣಿ ಹಾಕಿ ಕೊಡ್ರಿ" ಅಂದ. ಹಾಕಿ ಕೊಟ್ಟರು. ಮರಿಯಮ್ಮನಹಳ್ಳಿ ದಾಟುವುದರೊಳಗೆ ಎಂಜಿನ್ ಹಿಡಿದು ನಿಂತಿತು. ಬೈಗುಳವೆಲ್ಲ ಬಂದದ್ದು ಹುಲಿಗೆಪ್ಪನಿಗೆ. ಪಾಪ, ಎರಡು ದಿನ ಗ್ಯಾರೇಜಿನ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದ. ಇವರು ತಾವೇ ಹೋಗಿ ಚಹಾ ಕುಡಿಸಿ ಬಂದರು.

"ಇನ್ನ ಮುಂದ ಒರಸಬ್ಯಾಡ. ಮೊದ್ಲು ನೋಡು. ನೋಡೋ ಮೊದ್ಲ ಮಣ್ಣು ಅನ್ನಬ್ಯಾಡ" ಅಂದರಂತೆ.

ಅಂದಿನಿಂದ ಹುಲಿಗೆಪ್ಪ ಯಾವ ಪ್ಲಗ್ಗು ಬಿಚ್ಚಿದರೂ ಒರೆಸದೆ, ಪೇಪರಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟುತ್ತಿದ್ದ, ಮಂತ್ರಾಕ್ಷತೆ ತಂದ ಹಾಗೆ. ಇವರು ಕನ್ನಡಕ ಏರಿಸಿ ನೋಡಿ "ಹೂಂ" ಅಂದರೆ ಮಾತ್ರ ಒರೆಸುತ್ತಿದ್ದ.

ಇಷ್ಟು ಹೊತ್ತಿಗೆ ಇವರಿಗೆ ಕೆಮ್ಮು ಶುರುವಾಗಿತ್ತು. ಆಗ ಯಾರಿಗೆ ಕೆಮ್ಮಿರಲಿಲ್ಲ? ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆಯ ಜೊತೆಗೆ ಕೆಮ್ಮೂ ಕೇಳುತ್ತಿತ್ತು. ಶುಂಠಿ ಕಷಾಯ, ತುಳಸಿ ರಸ, ಜೇನು ಎಲ್ಲಾ ಮಾಡಿದೆ. "ದವಾಖಾನಿಗೆ ಹೋಗೋಣ್ರಿ" ಅಂದರೆ, "ಮಣ್ಣು ಬಿಡು. ಮಳಿ ಬಂದ್ರ ಹೋಗ್ತದ" ಅನ್ನುತ್ತಿದ್ದರು. ಮಳೆ ಬಂತು, ರಸ್ತೆಯೆಲ್ಲ ಕೆಂಪು ರಾಡಿಯಾಯಿತು, ಕೆಮ್ಮು ಹೋಗಲಿಲ್ಲ. ಅಂಗಿಯ ಕೊರಳು ಸಡಿಲವಾಯಿತು. ಊಟಕ್ಕೆ ಕೂತರೆ ಎರಡನೆಯ ಸಲ ಅನ್ನ ಕೇಳುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಬಟ್ಟೆ ನಾನೇ ಒಗೆಯುವುದು, ಮಡಿಗೆ ಅಂತ. ಆ ಕಾಲದಲ್ಲಿ ಈ ಸೀಮೆಯ ಹೆಂಗಸರಿಗೆಲ್ಲ ಒಂದು ವಿದ್ಯೆ ಬಂದಿತ್ತು: ಅದಿರಿನ ಕಲೆ ತೆಗೆಯುವುದು. ಅದು ಸೋಪಿಗೆ ಜಗ್ಗದು, ಬಿಸಿನೀರಿಗೂ ಜಗ್ಗದು. ನಿಂಬೆಹುಳಿ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಬೇಕು. ಆಗಲೂ ಒಂದು ತಿಳಿ ಬಣ್ಣ ಉಳಿದೇ ಉಳಿಯುತ್ತದೆ. ಅಂಗಡಿಯಲ್ಲಿ ದಿನವೂ ಬೆವರು, ಮೂಗು ಒರೆಸಿಕೊಂಡ ಇವರ ಕರವಸ್ತ್ರಗಳೆಲ್ಲ ಕೆಂಪಾಗಿಯೇ ಮನೆಗೆ ಬರುತ್ತಿದ್ದವು. ಅದರಲ್ಲಿ ಹೊಸದೇನೂ ಇರಲಿಲ್ಲ.

ಒಂದು ಮುಂಜಾನೆ ಬಚ್ಚಲಲ್ಲಿ ಅಂಗಿ ಮತ್ತು ಕರವಸ್ತ್ರ ಒಟ್ಟಿಗೆ ತಣ್ಣೀರಿಗೆ ಹಾಕಿ, ಒಲೆಯ ಮೇಲಿನ ಹಾಲು ನೋಡಿ ಬಂದೆ. ಅಂಗಿಯ ಕಾಲರಿನ ಕೆಂಪು ಹಾಗೇ ಇತ್ತು. ಕರವಸ್ತ್ರದ ಕೆಂಪು ಮಾತ್ರ ಬಿಟ್ಟಿತ್ತು. ಬಕೆಟಿನ ನೀರಿನಲ್ಲಿ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು.

ಹೆಣ್ಣಾಗಿ ಹುಟ್ಟಿದವಳಿಗೆ ತಣ್ಣೀರಿಗೆ ಹೋಗುವ ಕಲೆ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತೆ. ಹಾಲು ಉಕ್ಕಿ ಹೋಯಿತು. ಮನೆಯಲ್ಲಿ ಮಾತೆತ್ತಲಿಲ್ಲ. ಮನೆಯಲ್ಲಾದರೆ ಇವರು ಪೂಜೆಗೆ ಹೊತ್ತಾಯಿತು ಅಂತ ಎದ್ದುಬಿಡುತ್ತಾರೆ. ಅಂಗಡಿಗೆ ಹೋಗಿ, ಇವರು ಕೆಮ್ಮಿ ಕರವಸ್ತ್ರ ಮಡಚಿ ಜೇಬಿಗೆ ಹಾಕುವುದನ್ನೇ ಕಾದೆ.

"ಅದನ್ನ ಕೊಡ್ರಿ ಇಲ್ಲಿ" ಅಂದೆ.

"ಯಾಕ?"

"ಹಳೇದು ನೋಡದ ಏನೂ ಕೊಡಬಾರ್ದು ಅಂತ ನೀವೇ ಹೇಳೀರಿ. ಕೊಡ್ರಿ."

ಕೊಡಲಿಲ್ಲ. ನಾನೇ ಜೇಬಿಗೆ ಕೈ ಹಾಕಿದೆ. ಹಾಗೆಲ್ಲ ಬಜಾರಿನಲ್ಲಿ ಗಂಡನ ಜೇಬಿಗೆ ಕೈ ಹಾಕಿದವಳಲ್ಲ ನಾನು. ಕುಡಿಯುವ ನೀರಿನ ತಂಬಿಗೆಯಲ್ಲಿ ಅದ್ದಿ ತೋರಿಸಿದೆ. "ನೋಡ್ರಿ. ಇದು ತಣ್ಣೀರಿಗೆ ಬಿಡ್ಲಿಕ್ಕೆ ಹತ್ಯದ. ಮಣ್ಣು ತಣ್ಣೀರಿಗೆ ಬಿಡಂಗಿಲ್ಲ. ಹುಲಿಗೆಪ್ಪಗ ಏನ್ ಹೇಳಿದ್ರಿ ನೀವು? ನೋಡೋ ಮೊದ್ಲ ಮಣ್ಣು ಅನ್ನಬ್ಯಾಡ ಅಂದ್ರೋ ಇಲ್ಲೋ?"

ತಂಬಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, "ನನಗ ಗೊತ್ತದ ವನಜಾ" ಅಂದರು. "ಭಾಳ ದಿನದಿಂದ ಗೊತ್ತದ. ಒಮ್ಮೆ ಬಿಚ್ಚಿದ ಎಂಜಿನ್ ಮೊದಲಿನಂಗ ಕೂಡಂಗಿಲ್ಲ. ಮಣ್ಣು ಅಂದ್ಕೊಂಡ್ರ ಓಡೋಷ್ಟು ದಿನ ಓಡ್ತದ ಅಂತ..."

ಅಷ್ಟರಲ್ಲಿ ಎದುರಿನಿಂದ ಹುಲಿಗೆಪ್ಪ ಪೇಪರಿನ ಮೇಲೆ ಪ್ಲಗ್ಗು ಹಿಡಿದುಕೊಂಡು ಬಂದ. ನಮ್ಮಿಬ್ಬರ ಮುಖ ನೋಡಿದ, ತಂಬಿಗೆ ನೋಡಿದ. ಪ್ಲಗ್ಗನ್ನು ಕಟ್ಟೆಯ ಮೇಲಿಟ್ಟು, "ಗಾಡಿ ತರ್ತೀನ್ರಿ" ಅಂದ. ಬಳ್ಳಾರಿಯ ಆಸ್ಪತ್ರೆಗೆ ನಮ್ಮನ್ನು ಕರೆದೊಯ್ದದ್ದು ಅವನೇ, ಯಾರದೋ ರಿಪೇರಿಗೆ ಬಂದ ಕಾರಿನಲ್ಲಿ. ದಾರಿಯುದ್ದಕ್ಕೂ ಒಂದು ಜೋಕು ಹೇಳಲಿಲ್ಲ ಆ ಮನುಷ್ಯ. ಆಗಲೇ ನನಗೆ ಹೆದರಿಕೆಯಾದದ್ದು.

ಪುಪ್ಪುಸದಲ್ಲಿ ಗಡ್ಡೆ ಅಂದರು ಡಾಕ್ಟರು. ಮೊದಲೇ ಬಂದಿದ್ದರೆ ಅಂತ ಶುರು ಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಒಳ್ಳೆಯವರು. ಮಣ್ಣಿನಿಂದಲೇ ಬಂತೇ ಅಂತ ಕೇಳಿದೆ. ಹೇಳಲಿಕ್ಕಾಗದು ಅಂದರು. ಎಷ್ಟೋ ಸಲ ಯೋಚಿಸಿದ್ದೇನೆ, ಬೇರೆ ಊರಿನಲ್ಲಿದ್ದಿದ್ದರೆ ಬಿಳಿ ಕರವಸ್ತ್ರದ ಮೇಲಿನ ಕೆಂಪು ಮೊದಲ ದಿನವೇ ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮೂರಲ್ಲಿ ಬಿಳಿಯದು ಅಂತ ಏನೂ ಉಳಿದಿರಲಿಲ್ಲ.

ಆಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಇದ್ದರು. ಅದೂ ದೇವರು ಕೊಟ್ಟದ್ದೇ. ನೋವು ಕಡಿಮೆಯಿದ್ದ ದಿನ ಅಂಗಡಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂಡುತ್ತಿದ್ದರು. ನಕಲಿ ಫಿಲ್ಟರು ಹೆಚ್ಚಾದ ಕಾಲ ಅದು. ಡಬ್ಬವೆಲ್ಲ ಅಸಲಿಯದೇ, ಒಳಗಿನ ಕಾಗದ ಮಾತ್ರ ಕಳಪೆ. ಅಂಗೈಯಲ್ಲಿ ತೂಗಿ ನೋಡುವುದು, ಬಾಯಿಯೊಳಗೆ ಬೆರಳಿಟ್ಟು ನೋಡುವುದು, ರಬ್ಬರು ಬಳೆಗೆ ಹೊಸ ಎಣ್ಣೆ ಸವರಿ ಕೈಯಲ್ಲಷ್ಟೇ ಬಿಗಿಯುವುದು, ಎಲ್ಲಾ ಆ ದಿನಗಳಲ್ಲಿ ಕಲಿಸಿದರು. ಕೊನೆಗೆ ಮನೆಯಲ್ಲೇ, ಬೆಳಗಿನ ಪೂಜೆಯ ಗಂಟೆ ಕೇಳುತ್ತಾ ಹೋದರು. ರಸ್ತೆಯಲ್ಲಿ, ಲಾರಿಯ ಕೆಳಗೆ ಹೋದವರ ಸುದ್ದಿ ದಿನವೂ ಬರುತ್ತಿದ್ದ ಊರಿನಲ್ಲಿ, ಮನೆಯ ಹಾಸಿಗೆಯ ಮೇಲೆ ಹೋಗುವುದೂ ಒಂದು ಕರುಣೆಯೇ ಅಂತ ತಿಳಿದುಕೊಂಡೆ. ತಿಳಿದುಕೊಳ್ಳಲು ಬಹಳ ದಿನ ಬೇಕಾಯಿತು.

ಹದಿನಾಲ್ಕನೆಯ ದಿನ ಅಂಗಡಿಯ ಬಾಗಿಲು ತೆಗೆದೆ. ಹೆಂಗಸೊಬ್ಬಳೇ ಕೂತಿದ್ದಾಳೆ ಅಂತ ಕೆಲವರು ಬೇರೆ ಅಂಗಡಿಗೆ ಹೋದರು. ಹುಲಿಗೆಪ್ಪ ಹೋಗಲಿಲ್ಲ. ಮೊದಲಿನ ಹಾಗೆಯೇ ಪೇಪರಿನ ಮೇಲೆ ಪ್ಲಗ್ಗು ತಂದು ನನ್ನ ಮುಂದಿಟ್ಟು ನಿಲ್ಲುತ್ತಿದ್ದ. ನಾನು ಇವರ ಕನ್ನಡಕ ಹಾಕಿಕೊಂಡು ನೋಡುತ್ತಿದ್ದೆ. ಆ ಕನ್ನಡಕದಲ್ಲಿ ನನಗೇನೂ ಕಾಣುತ್ತಿರಲಿಲ್ಲ, ತೆಗೆದು ಮತ್ತೆ ನೋಡಿ "ಹೂಂ" ಅನ್ನುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು.

ಹಾಗೊಂದು ದಿನ ಪ್ಲಗ್ಗು ಇಟ್ಟವನು ಪಕ್ಕಕ್ಕೆ ತಿರುಗಿ ಕೆಮ್ಮಿದ. ಹೆಗಲ ಟವೆಲ್ಲು ಬಾಯಿಗೆ ಹಿಡಿದ. ತೆಗೆದಾಗ ಅದರ ಮೇಲೆ ಕೆಂಪು.

ನಾನು ಕುರ್ಚಿಯಿಂದ ಎದ್ದೆ. "ಏನೋ ಅದು?"

"ಮಣ್ಣು ಬಿಡ್ರಿ ಅಕ್ಕಾರ."

"ಟವೆಲ್ ತಾ ಇಲ್ಲಿ."

"ಹೊಲಸ್ ಐತ್ರಿ, ನೀವು ಮುಟ್ಟಬ್ಯಾಡ್ರಿ—"

"ತಾ ಅಂದೆ."

ಅಂಗಡಿಯ ಹಿಂದೆ ನಲ್ಲಿಯ ಕೆಳಗೆ ಬಕೆಟು ಇಟ್ಟು ತಣ್ಣೀರು ತುಂಬಿ ಟವೆಲ್ಲು ಅದರಲ್ಲಿ ಬಿಟ್ಟೆ. ನೀರು ನೋಡುತ್ತಾ ನಿಂತೆ. ಬಾಯಲ್ಲಿ ಹನುಮಪ್ಪನ ಹೆಸರು. ಹುಲಿಗೆಪ್ಪ ನನ್ನ ಹಿಂದೆ ಬಂದು ನಿಂತ. ಹೊರಗೆ ಯಾರೋ ಗಿರಾಕಿ "ಯಾರದೀರಿ ಒಳಗ?" ಅಂತ ಕೂಗಿದರು. ಇಬ್ಬರೂ ಓಗೊಡಲಿಲ್ಲ.

ನೀರು ತಿಳಿಯಾಗೇ ಇತ್ತು. ಟವೆಲ್ಲು ಎತ್ತಿ ಹಿಂಡಿದೆ, ಮತ್ತೆ ಅದ್ದಿದೆ, ಎರಡೂ ಕೈಯಲ್ಲಿ ತಿಕ್ಕಿದೆ. ಕಲೆ ಒಂದಿಷ್ಟೂ ಕದಲಲಿಲ್ಲ. ಎಷ್ಟು ವರ್ಷ ಆ ಕಲೆಗೆ ಶಾಪ ಹಾಕಿದ್ದೆನೋ, ನಿಂಬೆಹಣ್ಣು, ಉಪ್ಪು, ಬಿಸಿಲು ಅಂತ ಎಷ್ಟು ಬಡಿದಾಡಿದ್ದೆನೋ. ಅಂದು ಅದನ್ನೇ ಎದೆಗೆ ಒತ್ತಿಕೊಂಡು ಅತ್ತೆ.

"ಕಲಿ ಹೋಗ್ಲಿಲ್ಲಂತ ಅಳೋರ್ನ ಇವತ್ತೇ ನೋಡಿದ್ದು ನಾನು" ಅಂದ ಹುಲಿಗೆಪ್ಪ.

ಆದರೂ ಬಿಡಲಿಲ್ಲ ನಾನು. ಮಾರನೆಯ ದಿನವೇ ಅವನನ್ನು ಡಾಕ್ಟರ ಹತ್ತಿರ ಅಟ್ಟಿದೆ. ಬಕೆಟ್ಟಿನ ನೀರನ್ನೇ ನಂಬಿ ಕೂಡಬಾರದು ಅಂತ ಕಲಿತವಳು ನಾನು. ಧೂಳಿನ ಕೆಮ್ಮು ಅಂದರು, ಮೂಗಿಗೆ ಬಟ್ಟೆ ಕಟ್ಟಿಕೋ ಅಂದರು. ಇವತ್ತಿಗೂ ಕಟ್ಟಿಕೊಳ್ಳುತ್ತಾನೆ, ಗಣಿಯ ಸದ್ದು ಅಡಗಿ ಬೇವಿನ ಮರ ಮತ್ತೆ ಹಸಿರಾದ ಮೇಲೂ.

ಶೈಲಾ, ಈಗ ಮೇಲಿನಿಂದಲೇ ಎಣ್ಣೆ ಹೀರಿ ತೆಗೆಯುವ ಯಂತ್ರ ಬಂದಿದೆಯಂತೆ, ಪ್ಲಗ್ಗು ಮುಟ್ಟುವುದೇ ಬೇಡವಂತೆ. ಇರಲಿ, ಒಳ್ಳೆಯದೇ. ಆದರೆ ಮುದುಕ ಹುಲಿಗೆಪ್ಪ ಇನ್ನೂ ಪೇಪರಿನ ಮೇಲೆ ಪ್ಲಗ್ಗು ಹಿಡಿದುಕೊಂಡು ರಸ್ತೆ ದಾಟಿ ಬರುತ್ತಾನೆ. ಬಂದಾಗ ಮೊಬೈಲು ಪಕ್ಕಕ್ಕಿಟ್ಟು, ಆ ಪ್ಲಗ್ಗನ್ನು ಬೆಳಕಿಗೆ ಹಿಡಿದು ಚೆನ್ನಾಗಿ ನೋಡು. ಆಮೇಲೆ ಅವನ ಹೆಗಲ ಮೇಲಿನ ಟವೆಲ್ಲನ್ನೂ ಒಂದು ಸಲ ನೋಡಿಬಿಡು.